ಗಲಾಟಾ ಹೂವು: ಅಕ್ಕಲಕೋಟೆ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹೊಲ ಇರುವುದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ, ಅಕ್ಕಲಕೋಟೆಯಿಂದ ಮೈಂದರ್ಗಿಗೆ ಹೋಗುವ ದಾರಿಯಲ್ಲಿ. ಎಂಟು ವರ್ಷದಿಂದ 20 ಗುಂಟೆಯಲ್ಲಿ ಗಲಾಟಾ ಬೆಳೆಯುತ್ತಿದ್ದೇವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಇಲ್ಲಿ ಬೇಸಾಯದ ಮಾಹಿತಿಯೆಲ್ಲ ಮರಾಠಿಯಲ್ಲಿ ಸಿಗುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಹೆಣ್ಮಕ್ಕಳೇ ಈ ಹೂವಿನ ಕೆಲಸದಲ್ಲಿ ಜಾಸ್ತಿ ಇರುವುದು. ಅವರಿಗೆ ಓದಿ ಹೇಳುವ ಹಾಗೆ ಕನ್ನಡದಲ್ಲಿ ಒಂದು ಕಡೆ ಇರಲಿ ಅಂತ ಬರೆದಿದ್ದೇನೆ.

ಗಲಾಟಾ ಅಂದರೆ ಯಾವ ಹೂವು?

ನೀವು ನೋಡೇ ನೋಡಿರುತ್ತೀರಿ. ನಡುವೆ ಕೆಂಪು, ಅಂಚಿಗೆ ಹಳದಿ. ಹಾರದಲ್ಲಿ ಚೆಂಡು ಹೂವಿನ ಮಧ್ಯೆ ಮಧ್ಯೆ ಕೆಂಪಗೆ ಕಾಣುತ್ತದಲ್ವಾ, ಅದು. ಮರಾಠಿಯವರು ಗಲಾಂಡಾ ಅಂತಾರೆ, ಗಲಾಟಾ ಅಂತಲೂ ಅಂತಾರೆ. ನಮ್ಮ ಮನೆಯಲ್ಲಿ ಗಲಾಟಿ ಹೂವು. ಪುಸ್ತಕದ ಹೆಸರು ಗೈಲಾರ್ಡಿಯಾ. ಬಾಯಿಂದ ಬಾಯಿಗೆ ಬಂದು ಗೈಲಾರ್ಡಿಯಾ ಗಲಾಟಾ ಆಗಿದೆ. ಜಗಳ, ಗದ್ದಲಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸೇವಂತಿಗೆ, ಚೆಂಡು ಹೂವು, ಸೂರ್ಯಕಾಂತಿ ಇವೆಲ್ಲ ಇರುವ ಮನೆತನದ್ದೇ ಇದು. ಒಂದು ಹೂವು ಅಂತ ನಾವು ಕೀಳುವುದು ನಿಜವಾಗಿ ನೂರಾರು ಪುಟ್ಟ ಹೂವುಗಳ ಗೊಂಚಲು. ಒಂದನ್ನು ಉಗುರಿನಿಂದ ಸೀಳಿ ನೋಡಿ. ಹೊರಸುತ್ತಿನ ಪ್ರತಿ ಎಸಳಿನ ತುದಿಯಲ್ಲೂ ಮೂರು ಹಲ್ಲು ಇರುತ್ತವೆ, ಪಿಂಕಿಂಗ್ ಕತ್ತರಿಯಲ್ಲಿ ಬಟ್ಟೆ ಕತ್ತರಿಸಿದ ಹಾಗೆ. ಈ ಎಸಳುಗಳು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ, ಹುಳವನ್ನು ಕರೆಯುವುದಷ್ಟೇ ಅವುಗಳ ಕೆಲಸ. ಬೀಜ ಕಟ್ಟುವುದು ನಡುವಿನ ಗುಂಡಿನಲ್ಲಿರುವ ಕೊಳವೆಯಂಥ ಸಣ್ಣ ಹೂವುಗಳು. ಅವು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ. ಬೆಳಿಗ್ಗೆ ಒಂದು ಹೂವಿನ ಮುಂದೆ ಹತ್ತು ನಿಮಿಷ ಕೂತರೆ ಜೇನುಹುಳ ಅದೇ ಸುತ್ತಿನಲ್ಲಿ ನಡೆಯುವುದು ಕಾಣುತ್ತದೆ.

ಇದು ನಮ್ಮ ದೇಶದ್ದೇ ಹೂವಾ?

ಅಲ್ಲ. ಇದರ ತವರು ಅಮೆರಿಕ ಖಂಡ. ಮುಖ್ಯವಾಗಿ ಉತ್ತರ ಅಮೆರಿಕದ ಬೆಟ್ಟ, ಹುಲ್ಲುಗಾವಲು, ಮರುಭೂಮಿ. ಇದರಲ್ಲಿ ಹಲವು ಜಾತಿಗಳಿವೆ. ನಾವು ತಿಳಿದಿರಬೇಕಾದವು ಮೂರು.

ಒಂದು, ಗೈಲಾರ್ಡಿಯಾ ಅರಿಸ್ಟಾಟಾ. ಇದು ರಾಕಿ ಪರ್ವತಗಳ ಕಡೆಯದು. ಕೆನಡಾದ ಪಶ್ಚಿಮ ಭಾಗದಿಂದ ಕೆಳಗೆ ಅಮೆರಿಕದವರೆಗೆ ಒಣ ಗುಡ್ಡಗಳಲ್ಲಿ ಬೆಳೆಯುತ್ತದೆ. ಚಳಿಗಾಲದಲ್ಲಿ ಮೇಲಿನ ಎಲೆಯೆಲ್ಲ ಸತ್ತು ಬೇರು ಹಿಮದ ಕೆಳಗೆ ಜೀವ ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ. 1806ರ ಜುಲೈನಲ್ಲಿ ಮೆರಿವೆದರ್ ಲೂಯಿಸ್ ಎಂಬ ಅಮೆರಿಕದ ಅನ್ವೇಷಕ ಪೆಸಿಫಿಕ್ ತೀರ ನೋಡಿಕೊಂಡು ವಾಪಸ್ ಬರುವಾಗ ಈಗಿನ ಮೊಂಟಾನಾ ರಾಜ್ಯದ ಬೆಟ್ಟದಲ್ಲಿ ಇದನ್ನು ಕಿತ್ತು ಒಣಗಿಸಿಕೊಂಡು ಬಂದ. ಆ ಒಣ ಗಿಡ ನೋಡಿಯೇ ಫ್ರೆಡರಿಕ್ ಪರ್ಷ್ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ಹೆಸರಿಟ್ಟ.

ಎರಡು, ಗೈಲಾರ್ಡಿಯಾ ಪಿನ್ನಾಟಿಫಿಡಾ. ಇದು ಮರುಭೂಮಿಯದು. ಅರಿಜೋನಾ, ನ್ಯೂ ಮೆಕ್ಸಿಕೊ, ಟೆಕ್ಸಸ್, ಗಡಿ ದಾಟಿ ಮೆಕ್ಸಿಕೊ. ಇದೂ ಬೇರಿನಿಂದ ವರ್ಷ ವರ್ಷ ಚಿಗುರುವ ಗಿಡ.

ಮೂರನೆಯದೇ ನಮ್ಮದು, ಗೈಲಾರ್ಡಿಯಾ ಪುಲ್ಚೆಲ್ಲಾ. ಅಮೆರಿಕದ ದಕ್ಷಿಣ ರಾಜ್ಯಗಳು ಮತ್ತು ಮೆಕ್ಸಿಕೊದ ಉತ್ತರ ಭಾಗದ ಉಸುಕು ನೆಲದ್ದು. ಒಕ್ಲಹೋಮಾ ರಾಜ್ಯ 1986ರಲ್ಲಿ ಇದನ್ನು ತನ್ನ ಕಾಡುಹೂವು ಅಂತ ಆರಿಸಿಕೊಂಡಿತು.

ಅಲ್ಲಿನವರು ಇದನ್ನು ಕಂಬಳಿ ಹೂವು ಅಂತ ಕರೆಯುತ್ತಾರೆ. ಅಲ್ಲಿನ ಮೂಲನಿವಾಸಿಗಳು ನೇಯುವ ಕೆಂಪು ಹಳದಿ ಪಟ್ಟೆಯ ಕಂಬಳಿಯ ಬಣ್ಣ ಇದಕ್ಕಿದೆ ಅಂತ ಆ ಹೆಸರು. ಸೊಲ್ಲಾಪುರದ ಚಾದರ ಹೊದ್ದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅವ್ವನ ಪೆಟ್ಟಿಗೆಯಲ್ಲಿ ಒಂದು ಹಳೇ ಚಾದರ ಇದೆ. ಕೆಂಪು ಮೈ, ಹಳದಿ ಅಂಚು. ಹೂವಿನ ಬುಟ್ಟಿ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಮಗ್ಗದಿಂದ ಬಂದ ಹಾಗಿರುತ್ತವೆ.

ಗೈಲಾರ್ಡಿಯಾ ಅನ್ನೋ ಹೆಸರು ಎಲ್ಲಿಂದ ಬಂತು?

18ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಗೈಯಾರ್ ದ ಶಾರೆಂಟೊನೊ ಎಂಬ ನ್ಯಾಯಾಧಿಕಾರಿ ಇದ್ದರು. ಗಿಡಮರಗಳ ಅಧ್ಯಯನಕ್ಕೆ ಬೆಂಬಲ ಕೊಡುತ್ತಿದ್ದವರು. ಅವರ ಹೆಸರೇ ಇದು.

ಒಮ್ಮೆ ಹಚ್ಚಿದರೆ ಎಷ್ಟು ವರ್ಷ ಬರುತ್ತದೆ?

ಇಲ್ಲೇ ಬಹಳ ಜನ ಮೋಸ ಹೋಗುವುದು. "ಬಹುವರ್ಷದ ಗಿಡ, ಒಮ್ಮೆ ಹಚ್ಚಿದರೆ ಐದು ವರ್ಷ ಹೂವು" ಅಂತ ಹೇಳಿ ಸಸಿ ಮಾರುವವರಿದ್ದಾರೆ. ಅರ್ಧ ಮಾತ್ರ ನಿಜ.

ಬೆಟ್ಟದ ಅರಿಸ್ಟಾಟಾ, ಮರುಭೂಮಿಯ ಪಿನ್ನಾಟಿಫಿಡಾ, ಇವು ಬಹುವರ್ಷದವು. ಅರಿಸ್ಟಾಟಾ ಮತ್ತು ಪುಲ್ಚೆಲ್ಲಾ ಕೂಡಿ ಹುಟ್ಟಿದ ಗ್ರಾಂಡಿಫ್ಲೋರಾ ಎಂಬ ಮಿಶ್ರ ತಳಿ ಇದೆ. 1857ರಲ್ಲಿ ಬೆಲ್ಜಿಯಂನ ಒಂದು ತೋಟದಲ್ಲಿ ಮೊದಲು ಕಾಣಿಸಿಕೊಂಡಿದ್ದು. ಅದೂ ಬಹುವರ್ಷದ್ದೇ, ಆದರೆ ಆಯುಷ್ಯ ಕಡಿಮೆ. ಎರಡು ಮೂರು ವರ್ಷಕ್ಕೆ ದಣಿಯುತ್ತದೆ. ನರ್ಸರಿಯಲ್ಲಿ ಕುಂಡದಲ್ಲಿ ಸಿಗುವ ದೊಡ್ಡ ಹೂವಿನ ಗಿಡ ಹೆಚ್ಚಾಗಿ ಅದೇ.

ಹಾರಕ್ಕೆ ಅಂತ ನಾವು ಹೊಲದಲ್ಲಿ ಬೆಳೆಯುವ ಪುಲ್ಚೆಲ್ಲಾ ಮೂಲತಃ ಒಂದು ವರ್ಷದ ಗಿಡ. ತನ್ನ ನಾಡಿನಲ್ಲಿ ಚಳಿ ಬಿದ್ದರೆ ಸಾಯುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ. ಹಾಗಾಗಿ ಕೆಲವು ಗಿಡ ಎರಡನೇ ವರ್ಷಕ್ಕೂ ಎಳೆದುಕೊಂಡು ಹೋಗುತ್ತವೆ. ಆದರೆ ಹೂವು ಸಣ್ಣದಾಗುತ್ತದೆ, ತೂಕ ಬರುವುದಿಲ್ಲ. ಮಾರಾಟಕ್ಕೆ ಬೆಳೆಯುವವರು ವರ್ಷಕ್ಕೊಮ್ಮೆ ಹೊಸ ಸಸಿ ಹಚ್ಚುವುದೇ ಲೇಸು. ಮನೆ ಮುಂದೆ ಚೆಂದಕ್ಕೆ ಬೇಕಾದವರು ಗ್ರಾಂಡಿಫ್ಲೋರಾ ತನ್ನಿ.

ನಮ್ಮ ಕಡೆ ಮಳೆಯೇ ಇಲ್ಲ. ಇದು ಹೇಗೆ ಬದುಕುತ್ತದೆ?

ಎಲೆ ಮುಟ್ಟಿ ನೋಡಿ. ಒರಟಾಗಿರುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ಎಲೆ, ಕಾಂಡ ಎಲ್ಲದರ ಮೇಲೂ ಬಿಳಿ ರೋಮ ಕಾಣುತ್ತದೆ. ಆ ರೋಮ ಬಿಸಿಲಿನ ಒಂದಷ್ಟು ಭಾಗವನ್ನು ಚದುರಿಸುತ್ತದೆ. ಗಾಳಿ ನೇರವಾಗಿ ಎಲೆಗೆ ತಾಗದಂತೆ ತಡೆಯುತ್ತದೆ. ಹಾಗಾಗಿ ಎಲೆಯ ನೀರು ಬೇಗ ಆರುವುದಿಲ್ಲ. ಬೇರು ನೆಟ್ಟಗೆ ಕೆಳಗಿಳಿಯುತ್ತದೆ. ಮರುಭೂಮಿಯಲ್ಲಿ, ಒಣ ಗುಡ್ಡದಲ್ಲಿ ಸಾವಿರಾರು ವರ್ಷ ಬದುಕಿ ಕಲಿತ ಬುದ್ಧಿ ಅದು.

ಸೊಲ್ಲಾಪುರ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಈ ನೆಲಕ್ಕೆ ಒಗ್ಗಿದ ಬೆಳೆ ಅಂದರೆ ಮಾಲದಂಡಿ ಜೋಳ. ಇದೇ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ಬೆಳೆಸಿದ ತಳಿ ಅದು, ಹಿಂಗಾರಿನ ತೇವದಲ್ಲೇ ತೆನೆ ಕೊಡುತ್ತದೆ. ಹೂವುಗಳಲ್ಲಿ ನಾನು ಕಂಡ ಹಾಗೆ ಜೋಳದಷ್ಟು ಗಟ್ಟಿ ಜೀವ ಇರುವುದು ಗಲಾಟಾಕ್ಕೇ. ಗುಲಾಬಿ, ಸೇವಂತಿಗೆಗೆ ಪಡುವ ಪಾಡು ಇದಕ್ಕೆ ಬೇಡ. ಇದನ್ನು ಸ್ವಲ್ಪ ಬಿಟ್ಟುಬಿಡಬೇಕು. ಮುದ್ದು ಮಾಡಿದರೆ ಕೆಡುತ್ತದೆ.

ಯಾವ ಭೂಮಿ ಒಳ್ಳೆಯದು? ಎರಿ ಭೂಮಿಯಲ್ಲಿ ಆಗುತ್ತದಾ?

ಗರಸು, ಮಸಬು, ಉಸುಕು ಬೆರೆತ ಹಗುರ ಭೂಮಿ ಎಲ್ಲಕ್ಕಿಂತ ಒಳ್ಳೆಯದು. ಬಂದ ನೀರು ಬಸಿದು ಹೋಗಬೇಕು, ಅಷ್ಟೇ. ಎರಿ ಭೂಮಿಯಲ್ಲೂ ಆಗುತ್ತದೆ, ಆದರೆ ನೀರು ನಿಂತರೆ ಸತ್ತಿತು ಅಂತಲೇ ಲೆಕ್ಕ.

ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ಮೊದಲ ವರ್ಷ ನಮ್ಮ ಒಳ್ಳೆಯ ಎರಿ ಹೊಲದಲ್ಲೇ ಹಚ್ಚಿದೆವು. ಹೂವಿನ ಬೆಳೆ ಅಲ್ವಾ, ಒಳ್ಳೆ ಭೂಮಿ ಕೊಡೋಣ ಅಂತ. ಡ್ರಿಪ್ ಹಾಕಿಸಿದೆವು, ದಿನಾ ಬಿಟ್ಟೆವು. ಅಂಗಡಿಯವರು ಹೇಳಿದರು ಅಂತ ಯೂರಿಯಾ ಎರಡು ಸಲ ಕೊಟ್ಟೆವು. ಗಿಡ ಸೊಂಟದ ಮಟ್ಟಕ್ಕೆ ಬಂತು. ಎಲೆಯೋ ಎಲೆ. ನೋಡಿದವರೆಲ್ಲ ಹೊಗಳಿದರು. ಹೂವು ಮಾತ್ರ ಎಣಿಸುವಷ್ಟೇ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಗಿಡ ಅಡ್ಡಡ್ಡ ಮಲಗಿದವು. ಮಳೆ ನಿಂತು ಬಿಸಿಲು ಬಿದ್ದ ಮಾರನೇ ದಿನ ಎಲೆ ಬಾಡತೊಡಗಿತು. ನೆಲದಲ್ಲಿ ನೀರಿದೆ, ಗಿಡ ಬಾಡುತ್ತಿದೆ. ಒಂದನ್ನು ಕಿತ್ತು ನೋಡಿದರೆ ಬುಡ ಕಂದಾಗಿ ಮೆತ್ತಗಾಗಿತ್ತು. ಬೆರಳಲ್ಲಿ ಹಿಸುಕಿದರೆ ಬೇರಿನ ಸಿಪ್ಪೆ ಕಳಚಿ ಬಂತು. ದಸರೆಗೆ ಅಂತ ಕಾದಿದ್ದ ಹೊಲದಲ್ಲಿ ಮುಕ್ಕಾಲು ಪಾಲು ಹೋಯಿತು.

ಮರುವರ್ಷ ಅವ್ವ ಬದುವಿನಾಚೆಯ ಗರಸು ತುಂಡು ತೋರಿಸಿ "ಅಲ್ಲಿ ಹಚ್ಚು" ಅಂದಳು. ಅಲ್ಲಿ ತೊಗರಿಯೂ ಸರಿಯಾಗಿ ಬರುತ್ತಿರಲಿಲ್ಲ. ಗಿಡ ಮೊಣಕಾಲೆತ್ತರ ದಾಟಲಿಲ್ಲ, ಮೈತುಂಬ ಹೂವು ಬಿಟ್ಟಿತು. ಈಗಲೂ ನಮ್ಮ ಹೂವಿನ ಮಡಿ ಅಲ್ಲೇ.

ಎರಿ ಭೂಮಿ ಬಿಟ್ಟರೆ ಬೇರೆ ಇಲ್ಲ ಅನ್ನುವವರು ಎತ್ತರದ ಏರುಮಡಿ ಮಾಡಿ, ಒಂದು ಅಡಿಯಾದರೂ ಎತ್ತರ ಇರಲಿ. ಇಳಿಜಾರಿನ ಕಡೆ ನೀರು ಹೋಗಲು ಕಾಲುವೆ ತೆಗೆಯಿರಿ.

ಬೀಜ ಯಾವಾಗ ಹಾಕಬೇಕು?

ಮೂರು ಹಂಗಾಮು. ಮೃಗಶಿರ ಮಳೆಗೆ ಸಸಿಮಡಿ ಹಾಕಿದರೆ ದಸರೆ, ದೀಪಾವಳಿಗೆ ಹೂವು ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಸಸಿ ಮಾಡಿ ಅಕ್ಟೋಬರ್‌ನಲ್ಲಿ ನಾಟಿ ಮಾಡಿದರೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಹೂವು ಶುರುವಾಗಿರುತ್ತದೆ, ಸಂಕ್ರಾಂತಿಗೆ ಜೋರಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಹಾಕಿದ್ದು ಬೇಸಿಗೆಯ ಮದುವೆಗಳಿಗೆ. ನನ್ನ ಮಟ್ಟಿಗೆ ಎರಡನೆಯದು ಎಲ್ಲಕ್ಕಿಂತ ಸುಲಭ. ಮಳೆಯ ಭಯ ಇಲ್ಲ, ಹೂವಿನ ಬಣ್ಣವೂ ಗಾಢ.

ಸಸಿ ಮಾಡುವುದು ಹೇಗೆ? ನಮ್ಮಲ್ಲಿ ಬೀಜ ಹುಟ್ಟುವುದೇ ಇಲ್ಲ.

ಬಹುಶಃ ಆಳಕ್ಕೆ ಹಾಕುತ್ತಿದ್ದೀರಿ. ಇದರ ಬೀಜಕ್ಕೆ ಬೆಳಕು ಬೇಕು. ಜೋಳದ ಹಾಗೆ ಮುಚ್ಚಿದರೆ ಬರುವುದಿಲ್ಲ. ಮಡಿಯ ಮಣ್ಣನ್ನು ನುಣ್ಣಗೆ ಮಾಡಿ, ತೇವ ಮಾಡಿ, ಮೇಲೆ ಬೀಜ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಮೇಲೆ ಜರಡಿ ಹಿಡಿದ ಗೊಬ್ಬರ ತೆಳ್ಳಗೆ, ಹಿಟ್ಟು ಚಿಮುಕಿಸಿದ ಹಾಗೆ. ಮೊದಲ ಹತ್ತು ದಿನ ನೀರನ್ನು ಝಾರಿಯಿಂದ ಕೊಡಿ. ಪೈಪಿನಿಂದ ಬಿಟ್ಟರೆ ಬೀಜವೆಲ್ಲ ಮೂಲೆ ಸೇರುತ್ತದೆ.

ಒಂದರಿಂದ ಎರಡು ವಾರದಲ್ಲಿ ಮೊಳಕೆ ಬರುತ್ತದೆ. ಒಂದೇ ದಿನ ಎಲ್ಲವೂ ಬರುವುದಿಲ್ಲ, ಗಾಬರಿ ಬೇಡ. ನಾಲ್ಕೈದು ಎಲೆ ಬಂದು, ನಾಲ್ಕೈದು ವಾರ ಆದ ಮೇಲೆ ನಾಟಿ ಮಾಡಿ. ಸಂಜೆ ಹೊತ್ತು ಒಳ್ಳೆಯದು. ಬಿತ್ತಿದ ಸುಮಾರು ಮೂರು ತಿಂಗಳಿಗೆ ಹೂವು.

ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಡಿ. ಆ ಲೆಕ್ಕದಲ್ಲಿ 20 ಗುಂಟೆಗೆ ಸುಮಾರು 9,700 ಸಸಿ ಹಿಡಿಯುತ್ತವೆ. ಒಂದು ಗ್ರಾಂಗೆ ಮುನ್ನೂರು ನಾನೂರು ಬೀಜ ಬರುತ್ತವೆ. ಎಲ್ಲ ಹುಟ್ಟುವುದಿಲ್ಲ, ಇರುವೆಯೂ ಒಯ್ಯುತ್ತದೆ. ಆದರೂ 100 ಗ್ರಾಂ ಬೀಜ ಧಾರಾಳ ಸಾಕು.

ಗುಂಡು ಹೂವಿನ ಬೀಜ ತಂದಿದ್ದೆ, ಒಂಟಿ ಎಸಳಿನ ಹೂವು ಬಂತು. ಏನು ಕಾರಣ?

ನಮಗೂ ಹೀಗೆ ಆಗಿದೆ. ಪೊಟ್ಟಣದ ಮೇಲೆ ಗುಂಡು ಹೂವಿನ ಚಿತ್ರ, ಹೊಲದಲ್ಲಿ ಅರ್ಧಕ್ಕರ್ಧ ಒಂಟಿ ಹೂವು. ಮಾರಿದವರನ್ನು ಕೇಳಿದರೆ "ನಿಮ್ಮ ಮಣ್ಣು" ಅಂದರು. ಮಣ್ಣಿಗೂ ಇದಕ್ಕೂ ಸಂಬಂಧ ಇಲ್ಲ.

ಪುಲ್ಚೆಲ್ಲಾದಲ್ಲಿ ಎರಡು ಬಗೆ. ಪಿಕ್ಟಾ ಅಂದರೆ ಒಂಟಿ, ಹೊರಗೆ ಒಂದು ಸುತ್ತು ಚಪ್ಪಟೆ ಎಸಳು, ನಡುವೆ ಗುಂಡು. ಲೊರೆಂಜಿಯಾನಾ ಅಂದರೆ ಗುಂಡು ಹೂವು. ಇದರಲ್ಲಿ ಒಳಗಿನ ಸಣ್ಣ ಹೂವುಗಳೂ ಉಬ್ಬಿ, ಒಂದೊಂದೂ ಪುಟ್ಟ ಕಹಳೆಯಂತೆ ಬಾಯಿ ತೆರೆದಿರುತ್ತದೆ. ಅಂಥ ಕಹಳೆಗಳೆಲ್ಲ ಸೇರಿ ಚೆಂಡಾಗುತ್ತದೆ. ತೂಕ ಜಾಸ್ತಿ, ಹಾರದಲ್ಲಿ ತುಂಬಿಕೊಂಡು ಕಾಣುತ್ತದೆ. ಬಜಾರದಲ್ಲಿ ಬೇಡಿಕೆ ಇರುವುದು ಇದಕ್ಕೇ.

ಈ ಗಿಡ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ಬೇರೆ ಗಿಡದ ಪರಾಗ ಬಂದರೇ ಕಾಳು ಕಟ್ಟುವುದು. ಪಕ್ಕದಲ್ಲಿ ಒಂಟಿ ಹೂವು ಇದ್ದರೆ ಜೇನುಹುಳ ಅದನ್ನೂ ಇದನ್ನೂ ಬೆರೆಸಿಬಿಡುತ್ತದೆ. ಬೆರೆತ ಬೀಜದಿಂದ ಎರಡೂ ಬರುತ್ತವೆ. ಪೊಟ್ಟಣದ ಬೀಜ ಅಂಥ ಹೊಲದಿಂದ ಬಂದಿದ್ದರೆ ನಿಮ್ಮ ತಪ್ಪೇನೂ ಇಲ್ಲ.

ಹಾಗಾದರೆ ಮನೆಯಲ್ಲೇ ಬೀಜ ಹಿಡಿಯಬಹುದಾ?

ಹಿಡಿಯಬಹುದು, ಹಿಡಿಯಲೇಬೇಕು. ಮೊದಲ ಹೂವು ಅರಳಿದಾಗಲೇ ಹೊಲದಲ್ಲಿ ಓಡಾಡಿ ಒಂಟಿ ಹೂವಿನ ಗಿಡಗಳನ್ನು ಕಿತ್ತುಹಾಕಿ. ಆಮೇಲೆ ಒಳ್ಳೆಯ ಗುಂಡು ಹೂವಿನ 50, 60 ಗಿಡಗಳಿಗೆ ಬಣ್ಣದ ದಾರ ಕಟ್ಟಿ. ಹತ್ತು ಗಿಡ ಸಾಲದು. ಒಂದಕ್ಕೊಂದು ಪರಾಗ ಬೇಕಲ್ವಾ, ಜಾಸ್ತಿ ಇದ್ದಷ್ಟೂ ಕಾಳು ಚೆನ್ನಾಗಿ ತುಂಬುತ್ತದೆ.

ಹೂವು ಗಿಡದಲ್ಲೇ ಒಣಗಲಿ. ಎಸಳು ಉದುರಿ ನಡುವೆ ಮುಳ್ಳುಮುಳ್ಳಾದ ಕಂದು ಗುಂಡು ಉಳಿಯುತ್ತದೆ. ಅದನ್ನು ಅಂಗೈಯಲ್ಲಿ ಉಜ್ಜಿದರೆ ಬೀಜ ಬಿಡುತ್ತದೆ. ಒಂದು ಬೀಜ ಎತ್ತಿ ಕಣ್ಣ ಹತ್ತಿರ ಹಿಡಿಯಿರಿ. ಬುಡದಲ್ಲಿ ಕಂದು ಕೂದಲು, ತಲೆಯ ಮೇಲೆ ಹಾಳೆಯಂಥ ಬಿಳಿ ಪೊರೆಯ ಕಿರೀಟ, ಪೊರೆಯ ತುದಿಗೆ ಮುಳ್ಳಿನಂಥ ಕಡ್ಡಿ. ಗಾಳಿಗೆ ಹಾರಲೆಂದು, ದನದ ಮೈಗೆ ಅಂಟಲೆಂದು ಇರುವ ಏರ್ಪಾಡು. ಇದನ್ನೇ ಕಸ ಅಂತ ಮೊರದಲ್ಲಿ ಕೇರಿ ಚೆಲ್ಲಿಬಿಟ್ಟ ಹೆಣ್ಮಗಳೊಬ್ಬಳು ಗೊತ್ತು ನನಗೆ. ಜೋಪಾನ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ.

ನೀರು ಎಷ್ಟು ದಿನಕ್ಕೊಮ್ಮೆ?

ನಾಟಿ ಮಾಡಿದ ಮೊದಲ ಎರಡು ವಾರ ತೇವ ಆರಬಾರದು. ಆಮೇಲೆ ಚಳಿಗಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಐದಾರು ದಿನಕ್ಕೊಮ್ಮೆ. ನಮ್ಮ ಗರಸು ಭೂಮಿಯ ಲೆಕ್ಕ ಇದು. ಬೆರಳು ಮಣ್ಣಿಗೆ ಚುಚ್ಚಿ ನೋಡಿ. ಎರಡು ಗೆಣ್ಣಿನವರೆಗೂ ಒಣಗಿದ್ದರೆ ಕೊಡಿ, ಇಲ್ಲವಾದರೆ ಬಿಡಿ.

ಗೊಬ್ಬರ?

ನಾಟಿಗೆ ಮೊದಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, 20 ಗುಂಟೆಗೆ ಎರಡು ಬಂಡಿ. ನಾವು ಅಷ್ಟೇ ಹಾಕುವುದು. ಯೂರಿಯಾ ಕೊಟ್ಟರೆ ಎಲೆ ಬೆಳೆಯುತ್ತದೆ, ಎಲೆಯನ್ನು ಬಜಾರದಲ್ಲಿ ಯಾರೂ ಕೊಳ್ಳುವುದಿಲ್ಲ.

ಸಣ್ಣ ಸಸಿ ಮತ್ತು ಕಾಂಗ್ರೆಸ್ ಕಸ ಒಂದೇ ಥರ ಕಾಣುತ್ತವೆ. ಗುರುತಿಸುವುದು ಹೇಗೆ?

ಒಂದೇ ಮನೆತನದವು, ಹಾಗಾಗಿ ಹೋಲಿಕೆ ಇದೆ. ಎರಡೂ ಎಳೆಯದಿದ್ದಾಗ ನೆಲಕ್ಕೆ ಚಕ್ರದಂತೆ ಅಂಟಿಕೊಂಡಿರುತ್ತವೆ. ಕಾಂಗ್ರೆಸ್ ಕಸದ ಎಲೆ ಕ್ಯಾರೆಟ್ ಎಲೆಯಂತೆ ಆಳವಾಗಿ ಸೀಳಿರುತ್ತದೆ. ಗಲಾಟಾದ ಎಲೆ ಉದ್ದ, ಅಂಚು ಅಲ್ಲಲ್ಲಿ ಮಾತ್ರ ಕಚ್ಚಿದ ಹಾಗೆ. ಅನುಮಾನ ಬಂದರೆ ಒಂದು ವಾರ ಬಿಡಿ, ತಾನೇ ಗೊತ್ತಾಗುತ್ತದೆ.

ಇವೆರಡೂ ಬಂದದ್ದು ಅದೇ ಅಮೆರಿಕದ ಕಡೆಯಿಂದ. ಕಾಂಗ್ರೆಸ್ ಕಸವನ್ನು 1955ರ ಹೊತ್ತಿಗೆ ಪುಣೆಯಲ್ಲಿ ಗುರುತಿಸಿದರು. ಅಲ್ಲಿಂದ ದೇಶವನ್ನೇ ತುಂಬಿತು. ಒಂದೇ ಮನೆತನದ ಒಂದು ಗಿಡ ಹೊಲವನ್ನು ನುಂಗಿತು, ಇನ್ನೊಂದು ನಮಗೆ ಅನ್ನ ಕೊಡುತ್ತಿದೆ. ಕಳೆ ಕೀಳುತ್ತಾ ಕೂತಾಗ ನನಗೆ ಇದು ಎಷ್ಟೋ ಸಲ ನೆನಪಾಗುತ್ತದೆ.

ಗಲಾಟಾವೂ ಹಾಗೇ ಕಳೆಯಾಗಿ ಹಬ್ಬುತ್ತದಾ?

ನಮ್ಮ ಹೊಲದಲ್ಲಿ ಬಿದ್ದ ಬೀಜ ಮರುವರ್ಷ ಅಲ್ಲಲ್ಲಿ ಹುಟ್ಟುತ್ತದೆ, ಕಿತ್ತರೆ ಹೋಗುತ್ತದೆ. ಕಾಂಗ್ರೆಸ್ ಕಸದ ಹಟ ಇದಕ್ಕಿಲ್ಲ. ಆದರೂ ಒಂದು ಮಾತು. ಉಳಿದ ಬೀಜವನ್ನು ಬಯಲಲ್ಲಿ, ಹುಲ್ಲುಗಾವಲಲ್ಲಿ ಚೆಂದಕ್ಕೆ ಅಂತ ಎರಚಬೇಡಿ. ಉತ್ತರ ಸೊಲ್ಲಾಪುರದ ನಾನ್ನಜ ಕಡೆ 1979ರಲ್ಲಿ ಅಭಯಾರಣ್ಯ ಮಾಡಿದ್ದೇ ಮಾಳಢೋಕ ಹಕ್ಕಿಗಾಗಿ. ನಮ್ಮ ಎರ್ಲಡ್ಡು, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತಾರಲ್ಲ, ಅದೇ. ಆ ಹಕ್ಕಿಗೆ ಬೇಕಾದದ್ದು ಇಲ್ಲಿನದೇ ಹುಲ್ಲು. ಒಣ ಭೂಮಿ ಅಂದರೆ ಖಾಲಿ ಭೂಮಿ ಅಲ್ಲ. ಹೂವು ಹೊಲದಲ್ಲಿರಲಿ, ಅಂಗಳದಲ್ಲಿರಲಿ. ಮಾಳವನ್ನು ಮಾಳದ ಹುಲ್ಲಿಗೇ ಬಿಡೋಣ.

ರೋಗ ಏನೇನು ಬರುತ್ತದೆ?

ಬುಡ ಕೊಳೆಯುವುದೇ ದೊಡ್ಡ ಕಾಯಿಲೆ. ಅದನ್ನು ಮೇಲೆ ಹೇಳಿದ್ದೇನೆ. ನೀರು ನಿಲ್ಲಿಸದಿದ್ದರೆ ಸಾಕು.

ಚಳಿಗಾಲದಲ್ಲಿ ಎಲೆಯ ಮೇಲೆ ಬೂದಿ ಎರಚಿದಂತೆ ಬಿಳುಪು ಬಂದರೆ ಅದು ಬೂದಿ ರೋಗ. ನೀರಲ್ಲಿ ಕಲಸುವ ಗಂಧಕದ ಪುಡಿ ಲೀಟರಿಗೆ 2 ಗ್ರಾಂ ಹಾಕಿ ಸಿಂಪಡಿಸಿ. ಸುಡುವ ಬಿಸಿಲಲ್ಲಿ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ. ಹೇನು ಬಂದರೆ ಬೇವಿನ ಎಣ್ಣೆ.

ಇನ್ನೊಂದು ಇದೆ, ಅದನ್ನು ಕಂಡರೆ ತಡಮಾಡಬೇಡಿ. ಹೂವು ಕೆಂಪಾಗುವ ಬದಲು ಹಸಿರಾಗಿಯೇ ಉಳಿದು ಎಲೆಯಂತೆ ಮುರುಟುತ್ತದೆ. ಗಿಡ ಕುಳ್ಳಾಗಿ ಪೊರಕೆಯಂತಾಗುತ್ತದೆ. ಇದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ, ಜಿಗಿಹುಳು ಒಂದು ಗಿಡದಿಂದ ಇನ್ನೊಂದಕ್ಕೆ ಹಚ್ಚುತ್ತದೆ. ಔಷಧಿ ಇಲ್ಲ. ಗಿಡ ಕಿತ್ತು ಹೊಲದಾಚೆ ಸುಟ್ಟುಬಿಡಿ. ಒಂದು ಗಿಡದ ಆಸೆಗೆ ಸಾಲನ್ನು ಕಳೆದುಕೊಳ್ಳಬೇಡಿ.

ಹೂವು ಕೀಳುವಾಗ ಕೈ ತುರಿಸುತ್ತದೆ. ವಿಷ ಏನಾದರೂ ಇದೆಯಾ?

ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಗಿಡದ ರಸದಲ್ಲಿ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಕಹಿ ಪದಾರ್ಥಗಳಿವೆ. ಅವುಗಳಲ್ಲಿ ಒಂದಕ್ಕೆ ಈ ಗಿಡದ ಹೆಸರನ್ನೇ ಇಟ್ಟು ಗೈಲಾರ್ಡಿನ್ ಅಂತಾರೆ. ಹುಳ, ದನಕರು ತಿನ್ನದಿರಲಿ ಅಂತ ಗಿಡ ಮಾಡಿಕೊಂಡ ಏರ್ಪಾಡು. ಅದೇ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಕಾಂಗ್ರೆಸ್ ಕಸದಲ್ಲೂ ಇದೇ ಜಾತಿಯ ಪದಾರ್ಥ ಇದೆ. ಹಾಗಾಗಿ ಆ ಕಸ ಮುಟ್ಟಿದರೆ ದದ್ದು ಬರುವವರು ಗಲಾಟಾ ಕೀಳುವಾಗ ಜಾಸ್ತಿ ಎಚ್ಚರ ಇರಬೇಕು.

ತುಂಬುತೋಳಿನ ಹಳೇ ಅಂಗಿ, ಕೈಗೆ ಗ್ಲೌಸು ಅಥವಾ ಬಟ್ಟೆ. ಕೆಲಸ ಮುಗಿದ ತಕ್ಷಣ ಸೋಪು ಹಚ್ಚಿ ಮೊಣಕೈವರೆಗೂ ತೊಳೆಯಿರಿ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ದದ್ದು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ಒಬ್ಬಾಕೆ ಎರಡು ಹಂಗಾಮು ಸುಮ್ನೆ ಸಹಿಸಿಕೊಂಡಳು, ಕೂಲಿ ತಪ್ಪುತ್ತದೆ ಅಂತ ಹೇಳಲೇ ಇಲ್ಲ. ಮುಂಗೈಯೆಲ್ಲ ಒಡೆದು ಕಪ್ಪಾದ ಮೇಲೆ ನನಗೆ ಗೊತ್ತಾಯಿತು. ನಾನೇ ಮೊದಲು ಕೇಳಬೇಕಿತ್ತು. ಈಗ ಆಕೆ ಹೂವು ತೂಗುವ, ಲೆಕ್ಕ ಬರೆಯುವ ಕೆಲಸ ಮಾಡುತ್ತಾಳೆ. ಹೊಲ ಇರುವವರು ದಯವಿಟ್ಟು ಕೂಲಿಯವರ ಕೈ ನೋಡಿ, ಕೇಳಿ.

ಇದರಲ್ಲಿ ಔಷಧಿ ಗುಣ ಇದೆಯಂತೆ?

ಉತ್ತರ ಅಮೆರಿಕದ ಬ್ಲ್ಯಾಕ್‌ಫೂಟ್ ಜನ ಬೆಟ್ಟದ ಅರಿಸ್ಟಾಟಾವನ್ನು ಹೊಟ್ಟೆನೋವು, ಚರ್ಮದ ಕಾಯಿಲೆಗೆ ಬಳಸುತ್ತಿದ್ದರು. ಅದು ಅವರ ಗಿಡ, ಅವರ ತಿಳಿವಳಿಕೆ. ನಾವು ಬೆಳೆಯುವ ಜಾತಿಯೇ ಬೇರೆ. ಕಷಾಯ ಗಿಷಾಯ ಅಂತ ಹೋಗಬೇಡಿ.

ದೇವರಿಗೆ ಏರಿಸಬಹುದಾ? ವಾಸನೆ ಇಲ್ಲವಲ್ಲ.

ನಾವು ಏರಿಸುತ್ತೇವೆ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ. ಸೊನ್ನಲಿಗೆಯ ಸಿದ್ಧರಾಮನ ಊರು ಅದು. 68 ಲಿಂಗಗಳಿಗೆ ಎಣ್ಣೆಮಜ್ಜನ ಆಗುತ್ತದೆ. ಮನೆಯಲ್ಲಿ ಮರಾಠಿ ಮಾತಾಡುವವರೂ ಅಲ್ಲಿ ಆ ಕನ್ನಡ ಮಾತನ್ನೇ ಹೇಳುತ್ತಾರೆ, ಕೇಳಲು ಎಷ್ಟು ಖುಷಿ ಅನ್ನಿಸುತ್ತದೆ. ಎತ್ತರದ ನಂದಿಧ್ವಜಗಳು ಹೊರಡುವ ಆ ದಿನಗಳಲ್ಲಿ ನಮ್ಮ ಹೊಲದ ಹೂವೂ ಹಾರದಲ್ಲಿ ಇರುತ್ತದೆ. ವಾಸನೆ ಇಲ್ಲ ಅಂತ ಯಾರೂ ವಾಪಸ್ ಕಳಿಸಿಲ್ಲ.

ಕೊಯ್ಲು, ಮಾರಾಟ ಹೇಗೆ?

ಪೂರ್ತಿ ಅರಳಿದ ಹೂವನ್ನೇ ಕೀಳಬೇಕು. ಮೊಗ್ಗು ಕಿತ್ತರೆ ಆಮೇಲೆ ಅರಳುವುದಿಲ್ಲ. ಮೂರು ನಾಲ್ಕು ದಿನಕ್ಕೊಂದು ಸಲ ಕೀಳುತ್ತೇವೆ. ಕಿತ್ತಷ್ಟೂ ಹೊಸ ಮೊಗ್ಗು ಬರುತ್ತದೆ. ಗಿಡದಲ್ಲೇ ಬಿಟ್ಟರೆ ಬೀಜಕ್ಕೆ ಶಕ್ತಿ ಹಾಕಿ ಹೂವು ನಿಲ್ಲಿಸುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೀಳಬೇಕು. ಒದ್ದೆ ಹೂವು ಚೀಲದಲ್ಲಿ ಬಿಸಿಯಾಗಿ ಕಪ್ಪಾಗುತ್ತದೆ. ಬಿದಿರು ಬುಟ್ಟಿಗೆ ಒದ್ದೆ ಗೋಣಿ ಸುತ್ತಿ ಒಯ್ದರೆ ಸೊಲ್ಲಾಪುರದವರೆಗೂ ಹೊಳಪು ಇರುತ್ತದೆ.

ದರದ ಬಗ್ಗೆ ಭರವಸೆ ಕೊಡಲಾರೆ. ದೀಪಾವಳಿ ಮುಂದೆ ಕಿಲೋಗೆ 60 ರೂಪಾಯಿ ಕಂಡಿದ್ದೇನೆ. ಹಬ್ಬ ಮುಗಿದ ವಾರ 10 ರೂಪಾಯಿಗೂ ಕೊಟ್ಟು ಬಂದಿದ್ದೇನೆ. ಅದಕ್ಕೇ ಎಲ್ಲವನ್ನೂ ಒಂದೇ ಸಲ ಹಚ್ಚಬೇಡಿ. ಹತ್ತು ಹತ್ತು ಗುಂಟೆಯಂತೆ ತಿಂಗಳು ಬಿಟ್ಟು ಹಚ್ಚಿ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಗುಡಿಗೆ ವರ್ಷವಿಡೀ ಜನ ಬರುತ್ತಾರೆ, ಗುರುವಾರ ಇನ್ನೂ ಜಾಸ್ತಿ. ಹಾರ ಕಟ್ಟುವ ಒಬ್ಬಿಬ್ಬರ ಜೊತೆ ಮಾತಾಡಿಕೊಂಡರೆ ದಿನದ ಒಂದಷ್ಟು ಹೂವಿಗೆ ದಾರಿ ಆಗುತ್ತದೆ.

ಸಾತ್‌ಬಾರಾದಲ್ಲಿ, ಅಂದರೆ ಹೊಲದ ಉತಾರದಲ್ಲಿ, ಬೆಳೆ ಬರಬೇಕಾದರೆ ಮೊಬೈಲಿನ ಇ-ಪೀಕ ಪಾಹಣಿ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಫೋಟೋ ತೆಗೆದು ನೋಂದಿಸಿ. ಆ್ಯಪ್ ಮರಾಠಿಯಲ್ಲಿದೆ, ಮನೆಯ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ.

ಸೊಲ್ಲಾಪುರದಲ್ಲಿ ಫ್ಲ್ಯಾಟಿನಲ್ಲಿ ಇದ್ದೇವೆ. ಕುಂಡದಲ್ಲಿ ಆಗುತ್ತದಾ?

ಆರೇಳು ಗಂಟೆ ನೇರ ಬಿಸಿಲು ಬಂದರೆ ಆಗುತ್ತದೆ. ಒಂದು ಅಡಿ ಆಳದ ಕುಂಡ, ಕೆಳಗೆ ತೂತು, ಮಣ್ಣಿಗೆ ಮೂರನೇ ಒಂದು ಪಾಲು ಉಸುಕು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಒಣಗಿದ ಹೂವನ್ನು ಆಗಾಗ ಚಿವುಟಿ.

ಇದಕ್ಕೆ ಜೇನು, ಚಿಟ್ಟೆ ಬರುತ್ತವಾ?

ಬಹಳ ಬರುತ್ತವೆ. ಪಕ್ಕದ ಕಲ್ಲಂಗಡಿ ಬಳ್ಳಿಗೂ ಅದರಿಂದ ಲಾಭ.

ಇದರ ತವರಿನ ಒಂದು ಸಂಗತಿ ಹೇಳದೆ ಇರಲಾರೆ. ಕೊಲೊರಾಡೊ ರಾಜ್ಯದ ಬೆಟ್ಟಗಳಲ್ಲಿ ಶಿನಿಯಾ ಮೇಸನಿ ಎಂಬ ಪುಟ್ಟ ಪತಂಗ ಇದೆ. ತಲೆ, ಎದೆ ಹಳದಿ. ರೆಕ್ಕೆ ಗಾಢ ಕೆಂಪು. ಅದು ಅರಿಸ್ಟಾಟಾ ಹೂವಿನ ಮೇಲೆ ರೆಕ್ಕೆಯನ್ನು ನಡುವಿನ ಕೆಂಪಿಗೆ, ತಲೆಯನ್ನು ಎಸಳಿನ ಹಳದಿಗೆ ಹೊಂದಿಸಿಕೊಂಡು ಕೂರುತ್ತದೆ. ಎದುರಿಗೇ ಇದ್ದರೂ ಕಾಣುವುದಿಲ್ಲ. ಅದರ ಮರಿಹುಳ ತಿನ್ನುವುದೂ ಇದೇ ಗಿಡವನ್ನು. ನಮ್ಮೂರ ಕನ್ನಡ ಶಾಲೆಯ ಮಕ್ಕಳು ಹೊಲಕ್ಕೆ ಬಂದಾಗ ಇದನ್ನು ಹೇಳಿದೆ. ಅರ್ಧ ತಾಸು ಒಬ್ಬರೂ ಹೂವು ಕೀಳಲಿಲ್ಲ. ಎಲ್ಲ ಬಗ್ಗಿ ಹೂವು ಹೂವಿನಲ್ಲೂ ಪತಂಗ ಹುಡುಕುತ್ತಿದ್ದರು. ಇಲ್ಲಿ ಅದು ಸಿಗಲ್ಲ ಅಂತ ಮೊದಲೇ ಹೇಳಿದ್ದೆ. ಆದರೂ ಹುಡುಕಿದರು. ಒಬ್ಬ ಹುಡುಗಿಗೆ ಎಸಳಿನಷ್ಟೇ ಹಳದಿಯ ಒಂದು ಜೇಡ ಸಿಕ್ಕಿತು.

ಮೇ ತಿಂಗಳಲ್ಲಿ ಗಿಡ ಒಣಗಿದಂತೆ ಕಾಣುತ್ತಿದೆ. ಕಿತ್ತುಹಾಕಲಾ?

ಸ್ವಲ್ಪ ತಾಳಿ. ಕಾಂಡವನ್ನು ಬುಡದ ಹತ್ತಿರ ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ನೆಲದಿಂದ ಒಂದು ಗೇಣು ಬಿಟ್ಟು ಮೇಲಿನದೆಲ್ಲ ಕತ್ತರಿಸಿ, ಒಂದು ಸಲ ನೀರು ಕೊಟ್ಟು ಬಿಟ್ಟುಬಿಡಿ. ಮಾರಾಟದ ಹೂವು ಅದರಿಂದ ಬರುವುದಿಲ್ಲ ಅಂತ ಮೇಲೆ ಹೇಳಿದೆ. ಆದರೆ ಬೀಜಕ್ಕೆ ದಾರ ಕಟ್ಟಿದ ಗಿಡಗಳನ್ನು ನಾವು ಹೀಗೆ ಉಳಿಸಿಕೊಳ್ಳುತ್ತೇವೆ. ಹೋದ ವರ್ಷ ಹಾಗೆ ಕತ್ತರಿಸಿದ 40 ಬುಡಗಳಲ್ಲಿ 23 ಚಿಗುರಿದವು. ಮೊದಲ ಮಳೆ ಬಿದ್ದ ಹತ್ತನೇ ದಿನ ಬುಡದ ಸುತ್ತ ಬಿಳಿ ರೋಮದ ಸಣ್ಣ ಎಲೆಗಳು ಕಂಡವು.